ಪಾರ್ಸೆಲ್ ಗಾಡಿಯ ಲೆಕ್ಕ

(ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ನನಗಿಂತ ಮುಂಚೆ ಮಾತಾಡಿದವರಲ್ಲಿ ಎಂಜಿನಿಯರು, ಡಾಕ್ಟರು ಇದ್ದರು. ನಾನು ಬೆಂಗಳೂರಿನಲ್ಲಿ ಪಾರ್ಸೆಲ್ ಕಂಪನಿಗೆ ಗೂಡ್ಸ್ ಗಾಡಿ ಓಡಿಸುವವನು. "ನಮ್ಮ ಹುಡುಗರು ಎಷ್ಟೋ ಜನ ಆ ಕಡೆಗೇ ಹೊರಟಿದ್ದಾರೆ, ಇದ್ದದ್ದು ಇದ್ದ ಹಾಗೆ ಹೇಳಪ್ಪ" ಅಂದರು ಮೇಷ್ಟ್ರು. ಹೇಳುತ್ತೇನೆ.

ಬೆಳಿಗ್ಗೆ ಆರೂವರೆಗೆ ಗೋದಾಮಿನಲ್ಲಿರಬೇಕು. ರಾತ್ರಿ ಬಂದ ಮಾಲನ್ನು ಪಿನ್‌ಕೋಡ್ ನೋಡಿ ವಿಂಗಡಿಸಿರುತ್ತಾರೆ. 1972ರಲ್ಲಿ ಅಂಚೆ ಇಲಾಖೆ ತಂದ ಆ ಆರು ಅಂಕಿಯೇ ಇವತ್ತು ಖಾಸಗಿ ಕಂಪನಿಗಳಿಗೂ ದಿಕ್ಕು. ಕೊನೆಗೆ ಇಳಿಸುವುದನ್ನು ಮೊದಲು ತುಂಬಬೇಕು, ಇಲ್ಲದಿದ್ದರೆ ನಡುರಸ್ತೆಯಲ್ಲಿ ಗಾಡಿಯೆಲ್ಲ ಬಗೆಯಬೇಕಾಗುತ್ತದೆ. ಪಿನ್‌ಕೋಡ್ ಬಡಾವಣೆಯವರೆಗೆ ಕರೆದೊಯ್ಯುತ್ತದೆ, ಬಾಗಿಲಿಗಲ್ಲ. ಅಲ್ಲಿಂದ ಮುಂದೆ ಸ್ಟೇಜು, ಬ್ಲಾಕು, ಮೇನು, ಕ್ರಾಸು. "ಗಣೇಶನ ಗುಡಿ ಹಿಂದೆ" ಅಂತ ಬರೆದಿರುತ್ತಾರೆ. ಬೆಂಗಳೂರಿನಲ್ಲಿ ಗಣೇಶನ ಗುಡಿಗೇನು ಬರವೇ! ಯಾವ ಮನೆಯಲ್ಲಿ ಒಂದು ಲೋಟ ನೀರು ಕೊಡುತ್ತಾರೆ ಅನ್ನುವುದು ಮಾತ್ರ ನಮಗೆ ಬಾಯಿಪಾಠ.

ಈಗ ದುಡ್ಡಿನ ಮಾತು. ನನಗೆ ಸಂಬಳವಿಲ್ಲ, ತಲುಪಿಸಿದ ಪಾರ್ಸೆಲ್ಲಿಗೆ ಇಷ್ಟು ಅಂತ. ಫೋನೆತ್ತದ ಗಿರಾಕಿ, ಬೀಗ ಹಾಕಿದ ಮನೆ, ಮೂರು ಮಹಡಿ ಹತ್ತಿದ ಮೇಲೆ "ಬೇಡ, ವಾಪಸ್ ಒಯ್ಯಿರಿ" ಅನ್ನುವವರು, ಇವಕ್ಕೆಲ್ಲ ಒಂದು ಪೈಸೆಯೂ ಇಲ್ಲ. ಡೀಸೆಲ್ ಮಾತ್ರ ಸುಟ್ಟಿರುತ್ತದೆ. ಗಿರಾಕಿಗಳು ಕೊಟ್ಟ ನಗದನ್ನು ರಾತ್ರಿ ಒಪ್ಪಿಸುವಾಗ ಐವತ್ತು ಕಡಿಮೆ ಬಿದ್ದರೂ ನಮ್ಮ ಜೇಬಿನಿಂದಲೇ. ಗಾಡಿಯ ಕಂತು, ವಿಮೆ, ಎಫ್‌ಸಿ, ಟೈರು ಎಲ್ಲ ನಮ್ಮದು. "ತಿಂಗಳಿಗೆ ಇಷ್ಟು ಸಾವಿರ" ಅಂತ ಮೊಬೈಲಿನಲ್ಲಿ ಜಾಹೀರಾತು ಬರುತ್ತದಲ್ಲ, ಅದು ಕೈಗೆ ಸಿಗುವ ದುಡ್ಡಲ್ಲ ತಮ್ಮಂದಿರಾ, ಕೈ ಮೇಲೆ ಹಾದುಹೋಗುವ ದುಡ್ಡು. ಇದೇ ಶಾಲೆಯಲ್ಲಿ ಕಲಿತ ಲಾಭ-ನಷ್ಟದ ಲೆಕ್ಕವನ್ನು ಗಾಡಿಗೆ ಸಾಲ ಮಾಡುವ ಮುಂಚೆ ಒಂದು ಸಲ ಹಾಕಿ. ಹೋಗಬೇಡಿ ಅನ್ನುತ್ತಿಲ್ಲ. ಇದೇ ಗಾಡಿಯಿಂದ ನಮ್ಮ ಮನೆ ನಡೆಯುತ್ತಿದೆ.

ನನ್ನ ಜೊತೆಯವನೊಬ್ಬನಿಗೆ ಒಂದು ಬೆಳಿಗ್ಗೆ ಆ್ಯಪ್ ತೆರೆಯಲೇ ಇಲ್ಲ. ಐಡಿ ನಿಲ್ಲಿಸಿದ್ದರು. ಯಾಕೆ ಅಂತ ಕೇಳಲು ಒಬ್ಬ ಮನುಷ್ಯ ಸಿಗಲಿಲ್ಲ, ಸಾಲದ ಕಂತು ಮಾತ್ರ ತಾರೀಖಿಗೆ ಸರಿಯಾಗಿ ಬಂತು. 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂದಿದೆ. ಆ್ಯಪ್ ಮೂಲಕ ದುಡಿಯುವವರನ್ನು ತೆಗೆಯಬೇಕಾದರೆ ಸಾಮಾನ್ಯವಾಗಿ 14 ದಿನ ಮುಂಚೆ, ಕಾರಣ ಬರೆದು ತಿಳಿಸಬೇಕು. ನಮಗೆ ಪಾವತಿಸುವ ಹಣದ ಮೇಲೆ ನೂರಕ್ಕೆ 1ರಿಂದ 5 ರೂಪಾಯಿಯನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಅದಕ್ಕೂ ಮುಂಚಿನದು ಸರ್ಕಾರದ ವಿಮೆ: ಪಿಎಫ್, ಇಎಸ್‌ಐ ಇಲ್ಲದವರು ಹೆಸರು ನೋಂದಾಯಿಸಿದ್ದು, ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 4 ಲಕ್ಷ. ಹೆಸರೇ ಇಲ್ಲದವನ ಮನೆಗೆ ಏನೂ ಇಲ್ಲ. ನಮ್ಮ ಗೋದಾಮಿನಲ್ಲೇ ಅರ್ಧ ಜನ ಇನ್ನೂ ನೋಂದಾಯಿಸಿಲ್ಲ.

ಈ ಕೆಲಸದಲ್ಲಿರುವ ಮಕ್ಕಳ ತಂದೆತಾಯಿ ಇಲ್ಲಿದ್ದರೆ ಇವತ್ತು ರಾತ್ರಿಯೇ ಫೋನ್ ಮಾಡಿ ಕೇಳಿ. ರಜೆಗೆ ಬಂದ ಹುಡುಗರಿದ್ದರೆ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಹಿಡಿದು ಊಟದ ಹೊತ್ತಿಗೆ ಬನ್ನಿ. ನನ್ನ ಗಾಡಿ ಧ್ವಜಕಟ್ಟೆಯ ಹಿಂದೆ ನಿಂತಿದೆ. ಒಟ್ಟಿಗೆ ಕೂತು ಅರ್ಜಿ ತುಂಬೋಣ.