ಒಂದಗುಳು ಸಾಕೆ?



ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕೆಂಬುದು ನಮ್ಮ ಮನೆಗಳ ಅನುಭವ. ಒಂದೇ ಪಾತ್ರೆ, ಒಂದೇ ಉರಿ. ಆದುದರಿಂದ ಅಲ್ಲಿ ಅದು ಸರಿ. ಆದರೆ ಮನುಷ್ಯರು ಒಂದೇ ಪಾತ್ರೆಯ ಅಗುಳುಗಳಲ್ಲ. ಹೊಸ ಔಷಧವನ್ನು ನಂಬುವ ಮೊದಲು ಎಷ್ಟು ಜನರಲ್ಲಿ ಪರೀಕ್ಷಿಸಬೇಕು? ಈ ಪ್ರಶ್ನೆಯನ್ನೇ ನಾವು ಇಂದು ತಮ್ಮ ಮುಂದಿಡುತ್ತೇವೆ.

ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಅವರ ಪ್ರಬಂಧ 1763ರಲ್ಲಿ ಪ್ರಕಟವಾಯಿತು. ಆ ಮಾರ್ಗದಲ್ಲಿ, ಪರೀಕ್ಷೆಗೆ ಮುಂಚಿನ ನಂಬಿಕೆಯನ್ನು ಅಂಕಿಯಲ್ಲಿ ಬರೆದಿಟ್ಟು, ಕಂಡ ಫಲಕ್ಕೆ ತಕ್ಕಂತೆ ಅದನ್ನು ತಿದ್ದುತ್ತಾರೆ.

ಒಂದು ಲೆಕ್ಕ ನೋಡೋಣ. ರೋಗವೊಂದು ತಾನಾಗಿಯೇ ನೂರಕ್ಕೆ 50 ಜನರಲ್ಲಿ ಗುಣವಾಗುತ್ತದೆ; ಔಷಧದಿಂದ ನಿಜಕ್ಕೂ 70 ಜನ ಗುಣವಾಗುತ್ತಾರೆ ಎನ್ನೋಣ. ನಮಗದು ತಿಳಿಯದು, ಗುಣದ ಪ್ರಮಾಣ ಸೊನ್ನೆಯಿಂದ ನೂರರವರೆಗೆ ಯಾವುದಾದರೂ ಸಮಾನ ಸಂಭವವೆಂದು ಆರಂಭಿಸುತ್ತೇವೆ. ‘ಪ್ರಮಾಣ 50ಕ್ಕಿಂತ ಮೇಲು’ ಎಂಬ ನಂಬಿಕೆ ನೂರಕ್ಕೆ 95 ಮುಟ್ಟಿದರೆ ಮಾತ್ರ ಔಷಧವನ್ನು ಒಪ್ಪುತ್ತೇವೆ. 10 ರೋಗಿಗಳಿದ್ದರೆ 8 ಜನ ಗುಣವಾಗಬೇಕು. ಅಂಥ ನೂರು ಪರೀಕ್ಷೆಗಳಲ್ಲಿ ಸುಮಾರು 38 ಮಾತ್ರ ಈ ಒಳ್ಳೆಯ ಔಷಧವನ್ನು ಗುರುತಿಸುತ್ತವೆ. 40 ರೋಗಿಗಳಿದ್ದರೆ 26 ಜನ ಸಾಕು. ಸುಮಾರು 80 ಪರೀಕ್ಷೆಗಳು ಗುರುತಿಸುತ್ತವೆ. ಇದೇ ಪರೀಕ್ಷೆಯ ಶಕ್ತಿ. ಶಕ್ತಿಹೀನ ಪರೀಕ್ಷೆ ‘ಗುಣ ಕಾಣಲಿಲ್ಲ’ ಎಂದರೆ ಗುಣವಿಲ್ಲವೆಂದಲ್ಲ. ನೋಡಿದ ಕಣ್ಣು ಮಂದವಾಗಿದ್ದಿರಬಹುದು. ಮೊದಲೇ ಔಷಧವನ್ನು ಮೆಚ್ಚಿಕೊಂಡು ಹೊರಟರೆ ಶಕ್ತಿ ಹೆಚ್ಚುತ್ತದೆ. ಜೊತೆಗೆ ನಿಷ್ಪ್ರಯೋಜಕ ಔಷಧ ಗೆಲ್ಲುವ ಅಪಾಯವೂ ಹೆಚ್ಚುತ್ತದೆ.

2020ರ ಫೈಜರ್ ಲಸಿಕೆಯ ಪರೀಕ್ಷೆಯನ್ನು ಬೇಯ್ಸ್ ಮಾರ್ಗದಲ್ಲಿಯೇ ಯೋಜಿಸಿದ್ದರು. 43,000ಕ್ಕೂ ಹೆಚ್ಚು ಜನ ಸೇರಿದ್ದರೂ ನಿರ್ಣಯ ನಿಂತದ್ದು ಕೋವಿಡ್ ತಗುಲಿದ 170 ಜನರ ಮೇಲೆ: ಲಸಿಕೆ ಪಡೆದವರು 8, ಬರಿಯ ಉಪ್ಪುನೀರಿನ ಚುಚ್ಚುಮದ್ದು ಪಡೆದವರು 162. ನಮ್ಮ ಹೈದರಾಬಾದಿನ ಕೊವ್ಯಾಕ್ಸಿನ್ ಪರೀಕ್ಷೆಯ ಲೆಕ್ಕದ ಮಾರ್ಗ ಬೇರೆ. ಆದರೂ ಅಲ್ಲಿಯ 25,798 ಜನರಲ್ಲಿ ಉತ್ತರ ಕೊಟ್ಟವು 130 ಪ್ರಕರಣಗಳೇ. ರೋಗ ವಿರಳವಾದಷ್ಟೂ ಹೆಚ್ಚು ಜನ ಬೇಕು.

ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ನಮ್ಮ ಮಕ್ಕಳ ಮುಂದೆ ನಾಳೆ ಯಾವುದೋ ಆಸ್ಪತ್ರೆ ಸಮ್ಮತಿಪತ್ರ ಇಡಬಹುದು. ಅರ್ಥವಾಗುವ ಭಾಷೆಯಲ್ಲಿ ಅದನ್ನು ತಿಳಿಸಬೇಕೆಂದು 2019ರ ಔಷಧ ಪರೀಕ್ಷಾ ನಿಯಮಗಳಿವೆ. ಸ್ವಂತ ದೇಹವನ್ನು ಒಡ್ಡುವವರಿಗೆ ಪ್ರಶ್ನಿಸುವ ಹಕ್ಕಿದೆ. ‘ಎಷ್ಟು ಜನರನ್ನು ಸೇರಿಸುತ್ತೀರಿ? ಔಷಧ ಒಳ್ಳೆಯದಾಗಿದ್ದರೆ ಅದು ನಿಮಗೆ ತಿಳಿಯುವ ಸಂಭವವೆಷ್ಟು?’ ಈ ಎರಡು ಪ್ರಶ್ನೆಗಳನ್ನು ನಮ್ಮ ಮಕ್ಕಳು ಅಳುಕಿಲ್ಲದೆ, ಕನ್ನಡದಲ್ಲಿಯೇ ಕೇಳುವಂತಾಗಲಿ. ಈ ಶಾಲೆ ನೂರು ವರ್ಷ ಲೆಕ್ಕ ಕಲಿಸಿದ್ದು ಅದಕ್ಕಾಗಿಯೇ ಎಂದು ನಾವು ನಂಬಿದ್ದೇವೆ.