ಊರಿನ ನೆಲ ಊರಿನ ಹೆಸರಿಗೆ ಬರಲಿ
(ಚಿತ್ತವಾಡ್ಗಿಯ ಸಭೆಯಲ್ಲಿ ಮಾಡಿದ ಭಾಷಣ)



ಊರೆಂದರೆ ಬರಿಯ ಮನೆಗಳ ಸಾಲಲ್ಲ. ಸಂತೆ ಕೂಡಲು ಕಟ್ಟೆ ಬೇಕು. ಹೆಂಗಸರಿಗೆ ಶೌಚಾಲಯ ಬೇಕು. ಮಕ್ಕಳಿಗೆ ಅಂಗನವಾಡಿ ಬೇಕು. ಸತ್ತವನಿಗೆ ಆರಡಿ ಮೂರಡಿ ಮಣ್ಣು ಬೇಕು. ಇವೆಲ್ಲಕ್ಕೂ ದುಡ್ಡಿಗಿಂತ ಮೊದಲು ಬೇಕಾದದ್ದು ನೆಲ. ಆ ನೆಲ ಯಾರದು, ಅದು ಊರಿಗೆ ಹೇಗೆ ಬರುತ್ತದೆ ಎಂಬುದನ್ನು ಇಂದು ನಾವು ಬಿಡಿಸಿ ನೋಡೋಣ.

ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರಿಂದ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ 18 ಬಾಬುಗಳಿವೆ. ಸ್ಮಶಾನ, ಉದ್ಯಾನ, ಬೀದಿ ದೀಪ, ಬಸ್ ತಂಗುದಾಣ, ಶೌಚಾಲಯ ಎಲ್ಲವೂ ಅದರಲ್ಲಿವೆ. ಇವು ಊರಿನ ಆಡಳಿತ ನೋಡಿಕೊಳ್ಳಬೇಕಾದ ಕೆಲಸಗಳು. ಕೆಲಸದ ಪಟ್ಟಿಯೇನೋ ಬಂತು. ಪಟ್ಟಿಯ ಜೊತೆಗೆ ಒಂದು ಗುಂಟೆ ನೆಲವೂ ಬರಲಿಲ್ಲ. ಇದು ಕೈಗೆ ನೇಗಿಲು ಕೊಟ್ಟು ಹೊಲ ಕೊಡದ ಹಾಗಾಯಿತು.

ನೆಲ ಎಲ್ಲಿದೆ? ನಮ್ಮ ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಕಂದಾಯವಿಲ್ಲದ ಸರಕಾರಿ ನೆಲವನ್ನು ಆ ಕಾಲದ ಕಡತಗಳು ಪೊರಂಬೋಕು ಎಂದು ಬರೆದವು. ಆಮೇಲೆ ನಾವು ಮೈಸೂರಿಗೆ ಸೇರಿದೆವು. 1964ರ ಭೂಕಂದಾಯ ಶಾಸನ ಬಂತು. ಯಾರ ಖಾಸಗಿ ಸ್ವತ್ತೂ ಅಲ್ಲದ ರಸ್ತೆ, ಓಣಿ, ಹಳ್ಳ, ಕೆರೆ, ಬಯಲು ರಾಜ್ಯ ಸರಕಾರದ್ದು ಎಂದು ಅದರ 67ನೆಯ ಕಲಮು ಹೇಳುತ್ತದೆ. ಕಡತದ ಹೆಸರು ಬದಲಾಯಿತು, ಒಡೆಯ ಬದಲಾಗಲಿಲ್ಲ.

ಅದೇ ಶಾಸನದ 71ನೆಯ ಕಲಮಿನ ಪ್ರಕಾರ ಜಿಲ್ಲಾಧಿಕಾರಿಗಳು ಸರಕಾರಿ ನೆಲವನ್ನು ದನಗಳ ಮೇವಿಗೋ ಬೇರೆ ಸಾರ್ವಜನಿಕ ಕೆಲಸಕ್ಕೋ ಕಾಯ್ದಿಡಬಹುದು. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ಕಾಯ್ದಿಡುವುದು ಬೇರೆ, ವರ್ಗಾಯಿಸುವುದು ಬೇರೆ. ಕಾಯ್ದಿಟ್ಟ ನೆಲ ಸರಕಾರದ ಒಡೆತನದಲ್ಲೇ ಉಳಿಯುತ್ತದೆ. ಸರಕಾರ ವರ್ಗಾಯಿಸಿಕೊಟ್ಟ ನೆಲ ಮಾತ್ರ 1964ರ ಪುರಸಭೆಗಳ ಶಾಸನದಂತೆ ಊರಿನ ಸ್ವತ್ತಾಗುತ್ತದೆ. ನಗರಸಭೆ ಎಷ್ಟು ಠರಾವು ಮಾಡಿದರೂ, ಎಷ್ಟು ಭೂಮಿಪೂಜೆ ನಡೆದರೂ, ಸರಕಾರದ ಆದೇಶವಿಲ್ಲದೆ ಆ ಸರಕಾರಿ ನೆಲ ಊರಿನದಾಗುವುದಿಲ್ಲ.

ಹಳ್ಳಿಗಳ ಕಡೆ ನೋಡಿರಿ. ನೂರು ದನಗಳಿಗೆ 12 ಹೆಕ್ಟೇರಿನಂತೆ, ಎಂದರೆ ಸುಮಾರು 30 ಎಕರೆಯಂತೆ, ಗೋಮಾಳ ಬಿಡಬೇಕೆಂದು 1966ರ ನಿಯಮಗಳು ಹೇಳುತ್ತವೆ. ಊರು ಬೆಳೆದ ಹಾಗೆ ಎಲ್ಲರ ಕಣ್ಣೂ ಈ ಗೋಮಾಳದ ಮೇಲೆಯೇ. 2021ರಲ್ಲಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಸರಕಾರಿ ನೆಲಕ್ಕೆ ಕೈ ಚಾಚುವವರು ಹೆಚ್ಚಿದರು. 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹಳ್ಳಿಯ ಸಮುದಾಯದ ನೆಲದಿಂದ ಒತ್ತುವರಿ ತೆಗೆಸಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಭೂಹೀನರಿಗೆ ಕೊಟ್ಟ ನೆಲಕ್ಕೂ, ಶಾಲೆ ಆಸ್ಪತ್ರೆಯಂಥ ಸಾರ್ವಜನಿಕ ಸೌಕರ್ಯ ಇದ್ದ ನೆಲಕ್ಕೂ ವಿನಾಯಿತಿ ಇರಬಹುದೆಂದಿತು. ನ್ಯಾಯದ ಅಳತೆ ಅದು.

ಈಗ ಪಕ್ಕದ ಸಂಡೂರು ತಾಲೂಕಿಗೆ ಬನ್ನಿ. ತೋರಣಗಲ್ಲು, ಕುರೇಕುಪ್ಪ ಕಡೆಯ 3,667 ಎಕರೆಯನ್ನು ಜಿಂದಾಲ್ ಕಂಪನಿಗೆ ಕ್ರಯಕ್ಕೆ ಕೊಡಲು 2021ರ ಏಪ್ರಿಲಿನಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿತು. ವಿರೋಧ ಎದ್ದಿತು, ಮೇ ತಿಂಗಳಲ್ಲಿ ಅದನ್ನು ತಡೆಹಿಡಿಯಲಾಯಿತು. 2024ರ ಆಗಸ್ಟಿನಲ್ಲಿ ಸಂಪುಟ ಮತ್ತೆ ಒಪ್ಪಿತು. ಎಕರೆಗೆ ಒಂದೂಕಾಲು, ಒಂದೂವರೆ ಲಕ್ಷದ ಸುತ್ತಿನ ಬೆಲೆ. ಮೂರೂವರೆ ಸಾವಿರ ಎಕರೆಗೆ ಬೆಂಗಳೂರಿನಲ್ಲಿ ಸಂಪುಟ ಕೂಡುತ್ತದೆ. ಸಂತೆಕಟ್ಟೆಯ ನಾಲ್ಕು ಗುಂಟೆಗೆ ಯಾರು ಕೂಡಬೇಕು? ನಾವೇ ಕೂಡಬೇಕು.

“ಇಪ್ಪತ್ತು ವರುಷದಿಂದ ಇದೇ ಜಾಗದಲ್ಲಿ ಕಾಯಿಪಲ್ಲೆ ಮಾರುತ್ತೇವೆ, ನಮಗೇಕೆ ಕಾಗದ?” ಎಂದು ಕೇಳುವವರಿದ್ದಾರೆ. ಒಂದು ದಿನ ಲಾರಿ ಬಂದು ತಕ್ಕಡಿ ಬುಟ್ಟಿಗಳನ್ನು ಎತ್ತಿಕೊಂಡು ಹೋದಾಗ ಇಪ್ಪತ್ತು ವರುಷ ಸಾಕ್ಷಿ ಹೇಳಲು ಬರುವುದಿಲ್ಲ, ಕಾಗದ ಬರುತ್ತದೆ. 2014ರ ಬೀದಿ ವ್ಯಾಪಾರಿಗಳ ಶಾಸನ ನಮಗೆ ಆಸರೆ ಕೊಟ್ಟಿದೆ. ಗಣತಿ ಮುಗಿದು ಪ್ರಮಾಣಪತ್ರ ಕೊಡುವ ಮೊದಲು ಯಾರನ್ನೂ ಎಬ್ಬಿಸಬಾರದು. ಆಮೇಲೆ ಎಬ್ಬಿಸುವುದಾದರೂ 30 ದಿನಗಳ ನೋಟೀಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ರಷ್ಟಾದರೂ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ಆದರೆ ಸಮಿತಿ ಗುರುತಿಸುವ ವ್ಯಾಪಾರದ ವಲಯಕ್ಕೂ ನೆಲ ಬೇಕಲ್ಲ! ಮಾತು ಮತ್ತೆ ಅಲ್ಲಿಗೇ ಬಂತು.

ಇಲ್ಲಿಯ ಸಕ್ಕರೆ ಕಾರ್ಖಾನೆ ನಿಂತು ವರುಷಗಳಾದವು. ಸಂಬಳ ನಿಂತಾಗ ಎಷ್ಟೋ ಮನೆಗಳು ಹಿಡಿಯುವ ದಾರಿ ತಳ್ಳುಗಾಡಿಯದು. ಕಾರ್ಮಿಕನ ಪ್ರಶ್ನೆ, ವ್ಯಾಪಾರಿಯ ಪ್ರಶ್ನೆ ಎರಡಲ್ಲ. ಇಬ್ಬರ ಕಾಲೂ ಅದೇ ನೆಲದ ಮೇಲಿದೆ.

ಆದ್ದರಿಂದ ಊರಿಗೆಂದು ತೋರಿಸುವ ಪ್ರತಿಯೊಂದು ಜಾಗಕ್ಕೂ ನಾವು ಮೂರು ಕಾಗದ ಕೇಳೋಣ. ಒಂದು, ಸರ್ವೆ ನಂಬರಿನ ಪಹಣಿ. ಎರಡು, ನೆಲ ಯಾವ ಕೆಲಸಕ್ಕೆ, ಯಾವ ಷರತ್ತಿನ ಮೇಲೆ ಎಂದು ಹೇಳುವ ಸರಕಾರದ ಆದೇಶ. ಮೂರು, ನಗರಸಭೆಯ ಸ್ವತ್ತಿನ ವಹಿಯಲ್ಲಿ ಅದು ಚೆಕ್ಕುಬಂದಿ ಸಹಿತ ದಾಖಲಾದ ನಕಲು. 2005ರ ಮಾಹಿತಿ ಹಕ್ಕಿನ ಶಾಸನದಂತೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ 30 ದಿನಗಳಲ್ಲಿ ಉತ್ತರ ಕೊಡಬೇಕು.

ಮೂರೂ ಇದ್ದರೆ ಆ ನೆಲ ಊರಿನದು. ಕಟ್ಟಡಕ್ಕೆ ಹಣ ಕೇಳೋಣ. ಒಂದು ಇಲ್ಲದಿದ್ದರೂ ಮೊದಲು ಅದನ್ನು ಕೇಳೋಣ, ಆಮೇಲೆ ಶಂಕುಸ್ಥಾಪನೆಗೆ ಚಪ್ಪಾಳೆ ಹೊಡೆಯೋಣ. ಓಣಿಗೆ ಇಬ್ಬರಂತೆ ಹೆಸರು ಕೊಡಿರಿ; ಅರ್ಜಿ ಬರೆಯುವ ಕೆಲಸ ಈ ವಾರವೇ ಆರಂಭವಾಗಲಿ.