ಬಿಟ್ಟಿ ಆಟದ ಬೆಲೆ



ನಾನು ಬಿ.ಇ. ಓದುವಾಗ ಅಪ್ಪ ಗುಂಡ್ಲುಪೇಟೆಯಲ್ಲಿ ಅರಿಶಿನ ಮಾರಿದ ದುಡ್ಡಿನಿಂದ ಕಂಪ್ಯೂಟರ್ ಕೊಡಿಸಿದರು. ಕೊನೆಯ ವರ್ಷ, ದುಡ್ಡು ಕೊಟ್ಟು ಕೊಳ್ಳಬೇಕಾದ ಗೇಮೊಂದನ್ನು ಬಿಟ್ಟಿಯಾಗಿ ಡೌನ್‌ಲೋಡ್ ಮಾಡಿದೆ. ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂದು ಅದರಲ್ಲಿ ಬರೆದಿತ್ತು. ಮಾಡಿದೆ. ಕಾವಲು ನಾಯಿಯನ್ನು ಕಟ್ಟಿಹಾಕಿ ಕಳ್ಳನಿಗೆ ಬಾಗಿಲು ತೆರೆದಂತಾಯಿತು. ವೈರಸ್ ಹೊಕ್ಕು ನನ್ನ ಪ್ರಾಜೆಕ್ಟೆಲ್ಲ ಹಾಳಾಯಿತು. ಚಾಮರಾಜನಗರಕ್ಕೆ ಹೊತ್ತೊಯ್ದು ತೋರಿಸಿದರೂ ಫೈಲುಗಳು ಮರಳಿ ಸಿಗಲಿಲ್ಲ. ಅಪ್ಪನಿಗೆ ‘ಕರೆಂಟು ಹೋಗಿ ಕೆಟ್ಟಿತು’ ಎಂದು ಸುಳ್ಳು ಹೇಳಿದೆ. ಅವರು ಇಲ್ಲೇ ಕೂತಿದ್ದಾರೆ; ಇಂದು ನಿಜ ಹೇಳುತ್ತಿದ್ದೇನೆ.

ಕಾನೂನೂ ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ, ಕಳ್ಳ ಪ್ರತಿಯೆಂದು ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಂ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದಿದ್ದರೆ ನ್ಯಾಯಾಲಯ ಜೈಲು ಬಿಟ್ಟು 50,000ದವರೆಗೆ ದಂಡವನ್ನಷ್ಟೇ ಹಾಕಬಹುದು. ನಮ್ಮ ರಾಜ್ಯದ ಗೂಂಡಾ ಕಾಯ್ದೆಗೆ 2014ರಲ್ಲಿ ಡಿಜಿಟಲ್ ಅಪರಾಧಿಗಳನ್ನೂ ಸೇರಿಸಲಾಗಿದೆ.

ಈಗ ನಾನೂ ಪ್ರೋಗ್ರಾಂ ಬರೆದೇ ಅನ್ನ ತಿನ್ನುವವನು. ಅಪ್ಪನ ಹೊಲದ ಅರಿಶಿನವನ್ನು ರಾತ್ರಿ ಯಾರಾದರೂ ಕಿತ್ತೊಯ್ದರೆ ಕಳ್ಳತನ ಎನ್ನುತ್ತೇವಲ್ಲ, ನಮ್ಮ ಬೆಳೆಗೂ ಅದೇ ಮಾತು. ಮಕ್ಕಳೇ, ಆಡಬೇಡಿ ಎನ್ನುವುದಿಲ್ಲ. ಸೂಪರ್‌ಟಕ್ಸ್‌ಕಾರ್ಟ್‌ನಂತೆ, ಬರೆದವರೇ ಎಲ್ಲರಿಗೂ ಉಚಿತವಾಗಿ ಕೊಟ್ಟಿರುವ ಆಟಗಳಿವೆ. ಅವನ್ನು ಆಡಿ. ಅಪ್ಪ ಅಮ್ಮನಿಗೆ ಸುಳ್ಳು ಹೇಳುವ ಪ್ರಸಂಗ ಬರುವುದಿಲ್ಲ.